ಹದಿನಾರನೇ ಮಹಡಿಯ ಕುಂಬಳಬಳ್ಳಿ

ಹೆಬ್ಬಾಳದ ಬಸ್ ಸ್ಟಾಪಿನಲ್ಲಿ ನನ್ನ ಪಕ್ಕ ಇಬ್ಬರು ಕೂತಿದ್ದರು. ಸೊಪ್ಪು ಮಾರಿ ಬುಟ್ಟಿ ಖಾಲಿ ಮಾಡಿಕೊಂಡಿದ್ದ ಒಬ್ಬ ಅಜ್ಜಿ, ಗೊಬ್ಬರದ ಚೀಲ ತಬ್ಬಿಕೊಂಡಿದ್ದ ಒಬ್ಬ ಯುವತಿ. ಅವಳೇ ಮಾತು ತೆಗೆದಳು.

“ಅಜ್ಜಿ, ಫಸ್ಟ್ ಟೈಮ್ ಕುಂಬಳದ ಬಳ್ಳಿ ಹಾಕಿದೀನಿ. ಹೂ ಬಿಡುತ್ತೆ, ಉದುರಿಹೋಗುತ್ತೆ. ಕಾಯಿ ಆಗ್ತಾನೇ ಇಲ್ಲ.”

“ಜೇನು ಬತ್ತವಾ?”

“ತಣಿಸಂದ್ರದಲ್ಲಿ ಹದಿನಾರನೇ ಫ್ಲೋರು. ಅಷ್ಟು ಮೇಲಕ್ಕೆ ಯಾರೂ ಬರಲ್ಲ.”

“ಅಂಗಾದ್ರೆ ನೀನೇ ಜೇನಾಗ್ಬೇಕು ಕಣವ್ವ. ಬೆಳಿಗ್ಗೆ ಗಂಡು ಊವ ಕಿತ್ತು ಎಣ್ಣು ಊವಿನೊಳಕ್ಕೆ ಸವರು. ಬುಡದಲ್ಲಿ ಪುಟ್ಟ ಕಾಯಿ ಇರೋದೇ ಎಣ್ಣು.”

“ಅಷ್ಟೇನಾ?”

“ಅಷ್ಟೇಯ. ಆದ್ರೆ ಕುಂಬ್ಳಕಾಯಿ ಕುಯ್ದ ಮೇಲೆ ಒಬ್ಳೇ ಇಟ್ಕೋಬಾರ್ದು. ಅಕ್ಕಪಕ್ಕದ ಮನೆಗೆಲ್ಲ ಒಂದೊಂದು ಓಳು ಕೊಡ್ಬೇಕು.”

“ಎಲ್ಲಾ ಬಾಗಿಲೂ ಮುಚ್ಚೇ ಇರುತ್ತೆ ಅಜ್ಜಿ. ಪಕ್ಕದೋರ ಹೆಸರೂ ನಂಗೊತ್ತಿಲ್ಲ.”

ಜಕ್ಕೂರಿನ ಬಸ್ಸು ಬಂತು. ಅಜ್ಜಿ ಬುಟ್ಟಿ ಎತ್ತಿಕೊಂಡು ಹತ್ತಿದರು.

“ಅಜ್ಜಿ, ನಿಮಗೇ ಒಂದು ಹೋಳು ತಂದ್ಕೊಡ್ತೀನಿ! ಎಲ್ಲಿ ಸಿಗ್ತೀರಾ?”

ಅಜ್ಜಿ ಮೆಟ್ಟಿಲ ಮೇಲಿಂದ ತಿರುಗಿ ಏನೋ ಹೇಳಿದರು. ಅಷ್ಟರಲ್ಲಿ ಬಸ್ಸಿನ ಬಾಗಿಲು ಮುಚ್ಚಿತು.

“ಏನಂದ್ರು?” ಎಂದು ಯುವತಿ ನನ್ನನ್ನು ಕೇಳಿದಳು.

ನನಗೂ ಕೇಳಿಸಿರಲಿಲ್ಲ.