ನೀಲಿ ಒಲಿ ಹೆಸರಿನ ಬಗ್ಗೆ ಸೌಂದರ್ಯಾ ಕೊಟ್ಟ ಹೇಳಿಕೆ

ನಾನು ಸೌಂದರ್ಯಾ ಕೋಂ ಶಿವಯೋಗೀಶ ಬ್ಯಾಹಟ್ಟಿ, ವಯಸ್ಸು 39 ವರ್ಷ, ಉದ್ಯೋಗ ಗ್ಯಾಸ್ ಸಿಲಿಂಡರ್ ವ್ಯಾಪಾರ, ವಾಸ ಕೇಶ್ವಾಪುರ, ಹುಬ್ಬಳ್ಳಿ. ಇಂದು ದಿನಾಂಕ 12-11-2024ರಂದು ಮಧ್ಯಾಹ್ನ ಠಾಣೆಗೆ ಖುದ್ದಾಗಿ ಬಂದು, ಯಾರ ಒತ್ತಾಯವೂ ಇಲ್ಲದೆ ಹೇಳಿ ಬರೆಸುತ್ತಿರುವ ಸಂಗತಿ ಹೀಗಿದೆ.

ಎಂಟು ವರ್ಷಗಳಿಂದ ನಾನು "ನೀಲಿ ಒಲಿ ಗ್ಯಾಸ್ ಟ್ರೇಡರ್ಸ್" ಎಂಬ ಹೆಸರಿನಲ್ಲಿ ಹೋಟೆಲ್ ಮತ್ತು ಖಾನಾವಳಿಗಳಿಗೆ ವಾಣಿಜ್ಯ ಸಿಲಿಂಡರ್ ಪೂರೈಸುತ್ತಿದ್ದೇನೆ. ಪರವಾನಗಿ ಪಡೆದ ಗೋದಾಮು ಊರ ಹೊರಗಿದೆ. ಕೇಶ್ವಾಪುರದ ಅಂಗಡಿಯಲ್ಲಿ ಮೇಜು, ಫೋನು, ಒಲೆಯ ಬಿಡಿಭಾಗಗಳು ಮಾತ್ರ ಇರುತ್ತವೆ. ತುಂಬಿದ ಸಿಲಿಂಡರನ್ನು ಅಲ್ಲಿ ಎಂದೂ ಇಡುವುದಿಲ್ಲ. ನನ್ನ ಅತ್ತೆ ಇದ್ದಾಗ ಗ್ಯಾಸ್ ಹಚ್ಚಿದಾಗಲೆಲ್ಲ ಬಗ್ಗಿ ಉರಿ ನೋಡಿ, "ಒಲಿ ನೀಲಿ ಉರಿದ್ರ ಚಿಂತಿ ಇಲ್ಲ" ಎನ್ನುತ್ತಿದ್ದರು. ಹೆಸರು ಅಲ್ಲಿಂದ ಬಂದದ್ದು. ಪ್ರತಿ ಸಿಲಿಂಡರಿನ ತೂಕ ನೋಡಿ, ಬಾಯಿಯ ವಾಷರ್ ಪರೀಕ್ಷಿಸಿ, ಆಮೇಲೆ ಉರಿಯುವ ಒಲೆಯ ಚಿತ್ರವಿರುವ ನೀಲಿ ಚೀಟಿ ಅಂಟಿಸುತ್ತೇವೆ. ಚೀಟಿ ಇದೆ ಎಂದರೆ ನಾವು ನೋಡಿ ಕಳಿಸಿದ್ದೇವೆ ಎಂದು ಅರ್ಥ.

ನನ್ನ ಗಂಡನ ಸಣ್ಣವ್ವನ, ಅಂದರೆ ಚಿಕ್ಕಮ್ಮನ ಮಗ ಬಸವಕಿರಣ, ವಯಸ್ಸು ಸುಮಾರು 31, ಈತನು ಮೂರು ವರ್ಷ ನಮ್ಮಲ್ಲಿ ಸಿಲಿಂಡರ್ ಮುಟ್ಟಿಸುವ ಕೆಲಸ ಮಾಡಿದ್ದಾನೆ. ನಗುಮುಖದವನು. ಖಾನಾವಳಿಯವರು ಅವನಿಗೆ ಊಟ ಹಾಕದೆ ಕಳಿಸುತ್ತಿರಲಿಲ್ಲ. ಕೆಲಸವನ್ನು ಅವನಿಗೆ ಕಲಿಸಿದವಳು ನಾನೇ. ಈ ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ಮೇಲೇಳುವುದಿಲ್ಲ, ನೀರಿನಂತೆ ತಗ್ಗು ಹುಡುಕಿಕೊಂಡು ಹರಿದು ಅಲ್ಲಿ ನಿಲ್ಲುತ್ತದೆ ಎಂದು ಹೇಳಿಕೊಟ್ಟಿದ್ದೆನು. 2022ರ ಕೊನೆಗೆ ಅವನು ಕೆಲಸ ಬಿಟ್ಟು, ಸುಳ್ಳ ಎಂಬ ಊರಿಗೆ ಹೋಗುವ ರಸ್ತೆಯಲ್ಲಿ ಒಂದು ಶೆಡ್ ಹಿಡಿದು ಸ್ವಂತ ವ್ಯಾಪಾರ ಶುರು ಮಾಡಿದನು. ಅಂಗಡಿಯ ಹಿಂಬಾಗಿಲ ಕೀಲಿಯನ್ನು ಅವನು ಹಿಂದಿರುಗಿಸಿದ್ದನು. ಅದರ ನಕಲು ಮಾಡಿಸಿಕೊಂಡಿರಬಹುದು ಎಂದು ನನಗೆ ಆಗ ಹೊಳೆಯಲಿಲ್ಲ.

ಮಾರ್ಚ್ 2023ರಲ್ಲಿ ಬೆಂಗೇರಿಯಲ್ಲಿ ಖಾನಾವಳಿ ನಡೆಸುವ ಶಿವಬಸವ್ವ ಎಂಬುವರು ಒಲೆ ಹಚ್ಚುವಾಗ ಸಿಲಿಂಡರ್ ಬಾಯಿಯಿಂದ ಬೆಂಕಿ ಎದ್ದು ಅವರ ಬಲಗೈ ಮೊಣಕೈವರೆಗೆ ಸುಟ್ಟಿತು. ಸುದ್ದಿ ತಿಳಿದು ಹೋಗಿ ನೋಡಿದೆ. ಸಿಲಿಂಡರ್ ನಮ್ಮದಲ್ಲ. ಒಳಗೆ ವಾಷರೇ ಇರಲಿಲ್ಲ. ಆದರೆ ಮೇಲೆ ನಮ್ಮ ಒಲೆಯ ಚಿತ್ರದ ಚೀಟಿ ಇತ್ತು, ಬಣ್ಣ ಸ್ವಲ್ಪ ಗಾಢ, ಅಷ್ಟೇ ವ್ಯತ್ಯಾಸ. ಶಿವಬಸವ್ವನವರು ನನ್ನ ಮೇಲೆ ಸಿಟ್ಟು ಮಾಡಲಿಲ್ಲ. "ನಿಮ್ಮ ಒಲಿ ಚಿತ್ರ ನೋಡೇ ಇಳಿಸ್ಕೊಂಡೆ ಯವ್ವಾ. ನನಗ ಓದಾಕ ಬರೂದಿಲ್ಲ, ಚಿತ್ರ ಗುರತ ಹಿಡಿತೇನಿ" ಎಂದರು. ಸಿಲಿಂಡರ್ ತಂದವನು ಬಸವಕಿರಣನೆಂದೂ, ಅವನು ಇನ್ನೂ ನಮ್ಮಲ್ಲೇ ಇದ್ದಾನೆಂದು ತಾವು ತಿಳಿದಿದ್ದಾಗಿಯೂ ಹೇಳಿದರು. ಅಂದಿನಿಂದ ಯಾವ ಅಡುಗೆಮನೆಯಲ್ಲಿ ನನ್ನ ಚೀಟಿ ಅಂಟಿಸಿಕೊಂಡು ಯಾವ ಸಿಲಿಂಡರ್ ಕೂತಿದೆಯೋ ಎಂಬ ಹೆದರಿಕೆ ನನಗೆ ಹತ್ತಿತು. ಬೆಂಕಿ ನಂದಿಸುವ ಗಾಡಿಯ ಸದ್ದು ಕೇಳಿದರೆ ಅದು ಎತ್ತ ಹೋಯಿತೆಂದು ನಿಂತು ನೋಡುತ್ತಿದ್ದೆ.

ಧಾರವಾಡದ ವಕೀಲೆ ಸಂಘಮಿತ್ರಾ ಇವರಲ್ಲಿ ವಿಚಾರಿಸಿದಾಗ, ಹೆಸರು ಮತ್ತು ಚಿತ್ರವನ್ನು ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಿದರೆ ನಕಲು ಮಾಡುವವರನ್ನು ತಡೆಯುವುದು ಸುಲಭವಾಗುತ್ತದೆ ಎಂದು ತಿಳಿಸಿದರು. ಅದೇ ತಿಂಗಳು ಅರ್ಜಿ ಹಾಕಿದೆ. ಅರ್ಜಿ ಪರಿಶೀಲನೆಯಾಗಿ 15-07-2024ರಂದು ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಪ್ರಕಟವಾದ ಮೇಲೆ ನಾಲ್ಕು ತಿಂಗಳೊಳಗೆ ಯಾರೂ ತಕರಾರು ಸಲ್ಲಿಸದಿದ್ದರೆ ನೋಂದಣಿಯಾಗುತ್ತದೆ. ಆ ಗಡುವು ಈ ಶುಕ್ರವಾರ ಮುಗಿಯುತ್ತದೆ.

ಕಳೆದ ವಾರ ಬಸವಕಿರಣನು ಅಂಗಡಿಗೆ ಬಂದನು. ಕೂಡು ಎಂದೆ, ಚಹಾ ತರಿಸಿದೆ. ಅವನು, "ವೈನಿ, ಆ ಅರ್ಜಿ ಹಿಂದ ತಗೊಂಡ್ಬಿಡ್ರಿ. ಹೆಸರ ನಿಮ್ಮೊಬ್ಬರದ ಏನ್ರಿ? ಬಿಸಲಾಗ ಹೆಗಲ ಮ್ಯಾಲ ಸಿಲಿಂಡರ್ ಹೊತ್ತು, ಓಣಿ ಓಣಿ ತಿರುಗಿ ಆ ಹೆಸರು ಮಂದಿ ಬಾಯಾಗ ಹಾಕಿದಾಂವ ನಾನು" ಎಂದನು. ಅವನು ಹೊತ್ತದ್ದು ಸುಳ್ಳಲ್ಲ. ನಾನು, "ಬಸು, ಶಿವಬಸವ್ವಾರ ಕೈ ನೋಡಿಯೇನು? ಒಮ್ಮೆ ಹೋಗಿ ನೋಡ್ಕೊಂಡ್ ಬಾ. ಆಮ್ಯಾಲ ಮಾತಾಡೂಣು" ಎಂದೆ. ಅವನು ಚಹಾ ಪೂರ್ತಿ ಕುಡಿದು ಕಪ್ಪನ್ನು ಮೇಜಿನ ಮೇಲಿಟ್ಟು, "ನಮ್ಮ ಧಂದೆ ಹೆಂಗೈತಿ ನಿಮಗ ಗೊತ್ತೈತಲ್ರಿ. ಒಂದ್ ಕಡ್ಡಿ ಕೆರದ್ರ ಆತು. ಹೆಸರೂ ಇಲ್ಲ, ಬೋರ್ಡೂ ಇಲ್ಲ" ಎಂದು ಹೇಳಿ ನಗುತ್ತಲೇ ಹೋದನು. ಈ ಮಾತನ್ನು ಗಂಡನಿಗೆ ತಿಳಿಸಿದಾಗ, ಅವನು ಸಣ್ಣವ್ವನ ಮಗ, ಬಾಯಿ ಜೋರು, ಮನಸ್ಸು ಕೆಟ್ಟದ್ದಲ್ಲ, ದೂರು ಬೇಡ ಎಂದರು. ಆದ್ದರಿಂದ ಆಗ ದೂರು ಕೊಡಲಿಲ್ಲ.

ಇಂದು ಮುಂಜಾನೆ ಏಳು ಗಂಟೆಯ ಸುಮಾರಿಗೆ ನಾನು ಸ್ಕೂಟಿಯ ಮೇಲೆ ಅಂಗಡಿಗೆ ಬಂದೆ. ಕೀಲಿ ತೆಗೆದು ಶಟರ್ ಒಂದು ಗೇಣು ಎತ್ತುತ್ತಲೇ ಕಾಲಿಗೆ ತಣ್ಣಗೆ ಹತ್ತಿದಂತಾಯಿತು, ಮರುಕ್ಷಣ ಗ್ಯಾಸಿನ ವಾಸನೆ ಬಡಿಯಿತು. ಶಟರನ್ನು ಇನ್ನೂ ಎತ್ತಿದರೆ ಕಬ್ಬಿಣ ಉಜ್ಜಿ ಕಿಡಿ ಹಾರಬಹುದೆಂದು ಅಲ್ಲಿಗೇ ಬಿಟ್ಟೆ. ಮೊಬೈಲು ಕೈಯಲ್ಲಿತ್ತು. ಅದನ್ನು ಒತ್ತದೆ ದೂರದ ಕಟ್ಟೆಯ ಮೇಲಿಟ್ಟು ಬಂದೆ. ಒಳಗಿನಿಂದ ಸುಯ್ಯೆಂದು ಸದ್ದು ಬರುತ್ತಿತ್ತು. ಅದು ಹಿಂಬಾಗಿಲ ಕಡೆಯಿಂದ ಬರುತ್ತಿದೆ ಎಂದು ಗೊತ್ತಾದಾಗ ಮಾಬೂಬಿ ಚಾಚಿಯ ನೆನಪಾಯಿತು.

ನಮ್ಮ ಹಿಂಬಾಗಿಲು ತೆರೆಯುವುದು ಒಂದು ಸಂದಿಗೆ. ಆ ಸಂದಿ ಇಳಿಜಾರಾಗಿ ಹೋಗಿ ಮಾಬೂಬಿಯವರ ಇಸ್ತ್ರಿ ಅಂಗಡಿಯ ಮುಂದೆ ಮುಗಿಯುತ್ತದೆ. ಅವರ ಅಂಗಡಿ ನೆಲಕ್ಕಿಂತ ಮೂರು ಮೆಟ್ಟಿಲು ತಗ್ಗಿನಲ್ಲಿದೆ. ಹಿಂದಿನ ಕೋಣೆಯಲ್ಲೇ ಅವರ ವಾಸ. ಅವರಿನ್ನೂ ಇದ್ದಿಲಿನ ಇಸ್ತ್ರಿ ಪೆಟ್ಟಿಗೆಯನ್ನೇ ಬಳಸುತ್ತಾರೆ.

ನಾನು ಸಂದಿಯಲ್ಲಿ ಓಡಿದೆ. ಮಾಬೂಬಿಯವರು ಕೆಳಗಿನ ಮೆಟ್ಟಿಲ ಮೇಲೆ ನನಗೆ ಬೆನ್ನು ಮಾಡಿ ಕುಕ್ಕರಗಾಲಿನಲ್ಲಿ ಕೂತಿದ್ದರು. ಮುಂದೆ ಇದ್ದಿಲು ತುಂಬಿದ ಪೆಟ್ಟಿಗೆ. ಕೂಗಿದೆ. ಅವರಿಗೆ ಕಿವಿ ಮಂದ, ವಾರದಿಂದ ನೆಗಡಿಯಾಗಿ ವಾಸನೆಯೂ ತಿಳಿಯುತ್ತಿರಲಿಲ್ಲವೆಂದು ಆಮೇಲೆ ಗೊತ್ತಾಯಿತು. ಅವರು ಕಡ್ಡಿಪೆಟ್ಟಿಗೆಯಿಂದ ಒಂದು ಕಡ್ಡಿ ತೆಗೆದು, ಅದು ತಂಡಿಗೆ ಹಸಿಯಾಗಿದೆಯೇನೋ ಎಂದು ಸೆರಗಿಗೆ ಒರೆಸಿದರು. ಅವರು ಹಾಗೆ ಒರೆಸದಿದ್ದರೆ ನಾನು ಇಲ್ಲಿಗೆ ಬರುತ್ತಿರಲಿಲ್ಲ. ನಾನು ಮೆಟ್ಟಿಲಿಳಿದು ಅವರ ಕೈಯ ಮೇಲೇ ಬಿದ್ದೆ. ಇಬ್ಬರೂ ಉರುಳಿದೆವು. ಅವರು, "ಹುಚ್ಚ ಹಿಡದೈತೇನ ನಿನಗ? ಕೈ ಮುರಿತೈತಿ ಬಿಡ!" ಎಂದು ಚೀರಿ ಇನ್ನೊಂದು ಕೈಯಿಂದ ನನ್ನ ಕೆನ್ನೆಗೆ ಹೊಡೆದರು. ನಾನು ಅವರ ಮುಷ್ಟಿ ಬಿಡದೆ, "ಚಾಚಿ, ಗ್ಯಾಸ್! ಕಡ್ಡಿ ಕೆರೀಬ್ಯಾಡ್ರಿ, ಗ್ಯಾಸ್ ಬಿಟ್ಟಾರ!" ಎಂದೆ. ಅವರು ನನ್ನ ಬಾಯಿಯನ್ನೇ ನೋಡಿ, ಮಾತು ತಿಳಿದು, "ಯಾ ಅಲ್ಲಾ, ಒಳಗ ಇವ್ರು ಮಲಗ್ಯಾರ" ಎಂದರು.

ಅವರ ಗಂಡ ಕಮರುದ್ದೀನರಿಗೆ ಲಕ್ವಾ ಹೊಡೆದು ಎರಡು ಕಾಲೂ ಬಿದ್ದಿವೆ. ನಾವು ಒಳಗೆ ಹೋದಾಗ ಕೋಣೆ ಕತ್ತಲಿತ್ತು. ಅವರು ಗದ್ದಲಕ್ಕೆ ಎಚ್ಚರಾಗಿ, "ಯಾರದು? ತಡೀರಿ, ಲೈಟ್ ಹಾಕ್ತೇನಿ" ಎಂದು ತಲೆಯ ಮೇಲಿನ ಸ್ವಿಚ್ಚಿಗೆ ಕೈ ಚಾಚಿದ್ದರು. ಮಾಬೂಬಿಯವರು ಹಾರಿ ಅವರ ತೋಳಿನ ಮೇಲೆ ಬಿದ್ದು ಹಿಡಿದುಕೊಂಡರು. ಕಬ್ಬಿಣದ ಮಂಚ ಎಳೆಯುವುದು ಬೇಡ ಎಂದು ನಾನು ಕೈಸನ್ನೆ ಮಾಡಿದೆ. ಕಮರುದ್ದೀನರನ್ನು ಅವರು ಹಾಸಿಕೊಂಡಿದ್ದ ಕೌದಿಯಲ್ಲೇ ಎರಡು ತುದಿ ಹಿಡಿದು ಎತ್ತಿ ಮೆಟ್ಟಿಲು ಹತ್ತಿಸಿದೆವು. ಏನಾಗಿದೆ ಎಂದು ಅವರು ಕೇಳುತ್ತಲೇ ಇದ್ದರು. ನಾವಿಬ್ಬರೂ ಉಸಿರು ಬಿಗಿಹಿಡಿದಿದ್ದರಿಂದ ಉತ್ತರ ಕೊಡಲಿಲ್ಲ. ದೊಡ್ಡ ರಸ್ತೆ ಮುಟ್ಟಿದ ಮೇಲೆ ನಾನು ಕಟ್ಟೆಯ ಮೇಲಿಟ್ಟಿದ್ದ ಮೊಬೈಲ್ ತೆಗೆದುಕೊಂಡು ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿದೆ. ಆಮೇಲೆ ನಾನು ಮತ್ತು ಮಾಬೂಬಿಯವರು ಓಣಿಯ ಎರಡೂ ಬದಿ ನಿಂತು ಯಾರೂ ಒಳಗೆ ಹೋಗದಂತೆ ತಡೆದೆವು. ಒಬ್ಬರು ಬೀಡಿ ಹಚ್ಚಿಕೊಂಡು ಬಂದರು. ನಾನು ಅದನ್ನು ಅವರ ಬಾಯಿಂದಲೇ ಕಸಿದು ಚರಂಡಿಯಲ್ಲಿ ತುಳಿದೆ.

ಅಗ್ನಿಶಾಮಕ ಸಿಬ್ಬಂದಿ ಬಂದು ಗ್ಯಾಸ್ ನಿಲ್ಲಿಸಿದರು. ನನ್ನ ಅಂಗಡಿಯೊಳಗೆ ನಾನು ತಂದಿಡದ ಒಂದು ವಾಣಿಜ್ಯ ಸಿಲಿಂಡರ್ ಹಿಂಬಾಗಿಲ ಹೊಸ್ತಿಲಿಗೆ ಬಾಯಿ ಮಾಡಿ ಮಲಗಿಸಿದ್ದು, ವಾಲ್ವ್ ತೆರೆದಿತ್ತು. ಬಾಗಿಲ ಬೀಗ ಒಡೆದಿರಲಿಲ್ಲ, ಕೀಲಿಯಿಂದ ತೆಗೆದು ಮತ್ತೆ ಹಾಕಲಾಗಿತ್ತು. ಸಿಲಿಂಡರಿನ ಮೇಲೆ ಗಾಢ ನೀಲಿ ಬಣ್ಣದ ಅದೇ ನಕಲು ಚೀಟಿ ಇತ್ತು.

ಆಗ ಮಾಬೂಬಿಯವರು ನನ್ನನ್ನು ಪಕ್ಕಕ್ಕೆ ಕರೆದು, ನಿನ್ನೆ ಸಂಜೆ ಬಸವಕಿರಣ ತಮ್ಮ ಅಂಗಡಿಗೆ ಬಂದಿದ್ದನೆಂದು ತಿಳಿಸಿದರು. ಎರಡು ಅಂಗಿ ಕೊಟ್ಟು, "ಚಾಚಿ, ಎಷ್ಟೊತ್ತಿಗೆ ಕೆಂಡಾ ಹಚ್ಚತಿ? ನಾಳೆ ಲಗೂ ಹಚ್ಚ. ನನಗ ಎಂಟಕ್ಕ ಅಂಗಿ ಬೇಕ" ಎಂದು ಹೇಳಿ ಹೋದನಂತೆ. ಸದರಿ ಅಂಗಿಗಳು ಅವರ ಅಂಗಡಿಯ ಮೊಳೆಗೆ ತೂಗಿದ್ದವು. ಅವುಗಳನ್ನು ಹಾಜರುಪಡಿಸಿದ್ದೇನೆ. ಎಂಟು ಗಂಟೆಗೆ ಅಂಗಿ ಒಯ್ಯಲು ಯಾರೂ ಬರಲಿಲ್ಲ.

ನನ್ನ ಗಂಡ ಬಂದು ಎಲ್ಲವನ್ನೂ ಕೇಳಿದರು. ಆಮೇಲೆ, "ಅವನ ಹೆಸರು ಬರಸಬ್ಯಾಡ. ಸಣ್ಣವ್ವಗ ನಾ ಏನಂತ ಮುಖಾ ತೋರಸ್ಲಿ?" ಎಂದರು. ಮಾಬೂಬಿಯವರು, "ಇಕಿ ಮುಖಾ ಸುಟ್ಟಿದ್ರ ಯಾರಿಗಿ ತೋರಸ್ತಿದ್ದಿ?" ಎಂದು ಕೇಳಿದರು. ಗಂಡ ತಾವೇ ಸ್ಕೂಟಿ ಚಾಲೂ ಮಾಡಿ ನನ್ನನ್ನು ಇಲ್ಲಿಗೆ ಕರೆತಂದಿದ್ದಾರೆ. ಈಗ ಹೊರಗಿನ ಬೆಂಚಿನ ಮೇಲೆ ಕೂತಿದ್ದಾರೆ.

ಬರುವ ದಾರಿಯಲ್ಲಿ ವಕೀಲರಿಗೆ ಫೋನ್ ಮಾಡಿದ್ದೆ. ಅವರು, "ಹೆದರಿಕಿ ಆಗಿದ್ರ ಅರ್ಜಿ ಹಿಂದ ತಗೋರಿ. ನಾ ನಿಮಗ ಏನೂ ಅನ್ನೂದಿಲ್ಲ" ಎಂದರು. ಹೆದರಿಕೆ ಆಗಿದೆ. ಮುಂಜಾನೆಯಿಂದ ಆ ವಾಸನೆ ಮೂಗು ಬಿಟ್ಟು ಹೋಗಿಲ್ಲ. ಈ ಕೋಣೆಯಲ್ಲೂ ಬರುತ್ತಿದೆ ಎನಿಸಿ, ಬರೆದುಕೊಳ್ಳುತ್ತಿರುವವರನ್ನು ಎರಡು ಸಲ ಕೇಳಿದೆ. ಇಲ್ಲ ಎಂದರು. ಆದರೂ ಅರ್ಜಿ ಹಿಂದಕ್ಕೆ ಪಡೆಯುವುದಿಲ್ಲ. ಆ ಚೀಟಿ ಅಂಟಿಸಿದ ಸಿಲಿಂಡರುಗಳು ಎಷ್ಟು ಅಡುಗೆಮನೆಗಳಲ್ಲಿವೆಯೋ ನನಗೆ ತಿಳಿಯದು. ಹೆಸರು ಕೈಬಿಟ್ಟರೆ ಅವುಗಳನ್ನು ವಾಪಸ್ ಕೊಡಿ ಎಂದು ಕೇಳುವ ಬಾಯಿ ನನಗಿರುವುದಿಲ್ಲ.

ಸುಳ್ಳ ರಸ್ತೆಯ ಶೆಡ್ಡಿನಲ್ಲಿ ನೀಲಿ ಚೀಟಿಗಳ ಹಾಳೆಗಳು ಸಿಕ್ಕಿವೆ, ಬಸವಕಿರಣ ಸಿಕ್ಕಿಲ್ಲ, ಅವನ ಮೊಬೈಲ್ ಬಂದ್ ಇದೆ ಎಂದು ಈಗಷ್ಟೇ ಸಾಹೇಬರು ತಿಳಿಸಿದರು. ಅವನ ಮೇಲೆ ಕಾನೂನು ಕ್ರಮ ಜರುಗಿಸಬೇಕು. ಅಂಗಿಯ ಮಾತಿಗೆ ಮಾಬೂಬಿಯವರೇ ಸಾಕ್ಷಿ, ಆದ್ದರಿಂದ ಅವನು ಸಿಗುವವರೆಗೆ ಮಾಬೂಬಿ ಮತ್ತು ಕಮರುದ್ದೀನರಿಗೆ ಕಾವಲು ಕೊಡಬೇಕು. ಅವರ ಬಾಗಿಲಿಗೆ ಒಳಗಿನಿಂದ ಚಿಲಕವಿಲ್ಲ. ಇಂದು ರಾತ್ರಿ ನಮ್ಮ ಮನೆಗೆ ಬರ್ರಿ ಎಂದರೆ, "ನಿಮ್ಮನಿ ಬಾಗಲಾ ಅವಂಗ ಗೊತ್ತಿಲ್ಲೇನು?" ಎಂದು ಮಾಬೂಬಿಯವರು ಕೇಳಿದರು.

ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ, ನಾನು ಹೇಳಿದಂತೆಯೇ ಇದೆ, ಎಲ್ಲವೂ ಖರೆ. ಕೆಳಗೆ ಸಹಿ ಮಾಡಿದ್ದೇನೆ. ಅದು ನನ್ನದೇ ಸಹಿ.

ಸ್ಥಳ: ಹುಬ್ಬಳ್ಳಿ
ದಿನಾಂಕ: 12-11-2024

(ಸಹಿ)
ಸೌಂದರ್ಯಾ ಶಿ. ಬ್ಯಾಹಟ್ಟಿ