ಹೆಸರು ಕತ್ತರಿಸಿದ ಲೇಖನ

ಕೇಳಿ ತಾಯಂದಿರೇ, ಒಂದೂರಲ್ಲಿ ಒಂದು ಕಾಲೇಜು. ಅಲ್ಲಿ ತತ್ವಶಾಸ್ತ್ರ ಓದುವ ಬಿ.ಎ. ಹುಡುಗರು ಸೇರಿ ವರ್ಷಕ್ಕೊಂದು ಪತ್ರಿಕೆ ತರುತ್ತಿದ್ದರು. ಬರೆಯುವವರೂ ಅವರೇ, ಆರಿಸುವವರೂ ಅವರೇ. ಅದಕ್ಕೇ ಮೇಷ್ಟ್ರು ಒಂದು ಕಟ್ಟಳೆ ಮಾಡಿದ್ದರು: ಬರೆದವರ ಹೆಸರು ಕತ್ತರಿಸಿ ತೆಗೆದ ಮೇಲೆಯೇ ಲೇಖನ ಸಂಪಾದಕನ ಕೈಗೆ.

ಆ ವರ್ಷದ ಸಂಪಾದಕ ಒಳ್ಳೆಯ ಹುಡುಗ. ಉಳಿದಿದ್ದು ಒಂದೇ ಲೇಖನದ ಜಾಗ. ಕೈಗೆ ಬಂದ ಬರಹ ಕೇಳುತ್ತಿತ್ತು: ಮಾತು ಪಡೆದವರು ಸತ್ತ ಮೇಲೂ ಕೊಟ್ಟ ಮಾತು ನಮ್ಮನ್ನು ಕಟ್ಟಿಹಾಕುತ್ತದೆಯೇ? "ಬರೆದವರಿಗೆ ಇದು ಕೊನೇ ವರ್ಷ, ನೋಡಿ ಹೇಳು" ಎಂದಷ್ಟೇ ಮೇಷ್ಟ್ರು ಅಂದಿದ್ದರು.

ಓದುತ್ತ ಓದುತ್ತ ಅವನಿಗೆ ಅನ್ನಿಸಿತು, ಇದು ರ‍್ಯಾಂಕ್ ಬರುವ ಮಂದಾಕಿನಿಯದೇ. ಅನ್ನಿಸಿದ್ದೇ ತಡ, ಸಾಲುಸಾಲಿನಲ್ಲೂ ಆಳ ಕಂಡಿತು. ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ: "ಅದ್ಭುತ. ಹಾಕಲೇಬೇಕು."

"ಮಂದಾಕಿನೀದು ಕಣೋ" ಎಂದು ತೋರಿಸಿದಾಗ ಗೆಳೆಯ ಇಣುಕಿ ನಕ್ಕ. "ಮಂದಾಕಿನಿ ಈ ಸಲ ಬರೆದೇ ಇಲ್ವಲ್ಲೋ! ಇದು ಆ ಲೋಕಪ್ಪಂದು ಇರ್ಬೇಕು."

ಲೋಕಪ್ಪ! ಪಾಠದ ನಡುವೆ ಗೊರಕೆ ಹೊಡೆಯುವವನು! ಮತ್ತೆ ಓದಿದ. ಅದೇ ಸಾಲು, ಅದೇ ಅಕ್ಷರ. ಈಗ ಎಲ್ಲವೂ ಟೊಳ್ಳು. "ಅದ್ಭುತ"ಕ್ಕೆ ಗೀಟು ಎಳೆದು ಬರೆದ: "ಬೇಡ."

"ಏಯ್, ಸುಮ್ನೆ ಅಂದೆ ಮಾರಾಯ. ಯಾರ್ದೋ, ನಂಗೇನ್ ಗೊತ್ತು?"

ಈಗ ಹೇಳಿ, ಆ ಹುಡುಗನ ಗತಿ ಏನಾಗಬೇಕು? ಆಗ ಆಳ, ಈಗ ಟೊಳ್ಳು. ಬದಲಾಗಿದ್ದು ಕಾಗದವೋ, ಕಣ್ಣೋ? ತಲೆ ಗಿರ್ರೆಂದಿತು. ಮೇಷ್ಟ್ರ ಹತ್ತಿರ ಓಡಿದ.

"ಸಾರ್, ಹೆಸರೊಂದು ಹೇಳ್ಬಿಡಿ. ಚೆನ್ನಾಗಿದ್ಯೋ ಇಲ್ವೋ ಆಮೇಲೆ ಹೇಳ್ತೀನಿ."

"ಹೆಸರೇ ಸಾಕು ಅಂದ್ರೆ ಲೇಖನ ಯಾಕಯ್ಯಾ? ಹಾಜರಿ ಪುಸ್ತಕಾನೇ ಅಚ್ಚು ಹಾಕಿಸ್ಬಿಡೋಣ!"

ಹುಡುಗ ವಾಪಸು ಬಂದ. ಬರೆದಿದ್ದನ್ನೆಲ್ಲ ಅಳಿಸಿ, ಕೂತು ಓದಿದ. ಎರಡನೇ ಪುಟದ ವಾದ ಸಡಿಲ. ಕೊನೆಯ ಪುಟಕ್ಕೆ ಬಂದಾಗ, ತೀರಿಹೋದ ಅಜ್ಜಿಗೆ ತಾನು ಕೊಟ್ಟು ಮರೆತಿದ್ದ ಮಾತು ನೆನಪಾಯಿತು. ನೋಡಿ, ಈ ಪುಟವನ್ನು ಅವನು ಆಗಲೇ ಎರಡು ಸಲ ಓದಿದ್ದ! ಆಗೆಲ್ಲಿ ಹೋಗಿತ್ತು ಅಜ್ಜಿಯ ನೆನಪು?

"ಎರಡನೇ ಪುಟ ತಿದ್ದಿಸಿ ಹಾಕೋಣ ಸಾರ್" ಎಂದ. ಯಾರದು ಎಂದು ಕೇಳಲಿಲ್ಲ. ಕೇಳಲು ಭಯವಾಯಿತು.

ನಗುತ್ತಿದ್ದೀರಿ. ನಗಿ, ತಾಯಂದಿರೇ. ನಮ್ಮ ಮನೆಯಲ್ಲಿ ನಡೆಯುವುದೇನು? "ಮಾತ್ರೆ ಆಯ್ತಾ?" ಮಗಳು ಕೇಳಿದರೆ ಅಕ್ಕರೆ. ಸೊಸೆ ಕೇಳಿದರೆ? "ನನ್ನನ್ನು ರೋಗಿಷ್ಠೆ ಮಾಡಿಬಿಟ್ಟಳು!" ಮಾತು ಅದೇ ಅಲ್ಲವೇ? ಇವತ್ತು ಮನೆಗೆ ಹೋದಾಗ ಸೊಸೆ ಏನಾದರೂ ಅಂದಾಳು. ತಿರುಗಿ ಅನ್ನುವ ಮೊದಲು ಒಂದು ಗಳಿಗೆ ಸುಮ್ಮನಿರಿ. ಅದೇ ಮಾತನ್ನು ಮಗಳ ಬಾಯಲ್ಲಿ ಕೇಳಿಸಿಕೊಳ್ಳಿ. ಆಮೇಲೂ ಸಿಟ್ಟು ಬಂದರೆ ಸಿಟ್ಟಾಗಿ. ಬರದೇ ಹೋದರೆ, ಇಷ್ಟು ವರ್ಷ ಸಿಟ್ಟಾಗಿದ್ದು ಯಾತಕ್ಕೆ ಎಂದು ದೇವರ ಮುಂದೆ ಕೂತು ನಿಮ್ಮನ್ನೇ ಕೇಳಿಕೊಳ್ಳಿ.