ಕಾಳಾಚಾರಿ ‘ಸರಿ’ ಅಂದ ವೀಣೆ

ಬನ್ನಿ, ಹತ್ತಿರ ಬಂದು ಕೂತ್ಕೊಳ್ಳಿ. ಸೀಮೆಯ ಹೆಸರು ಕೇಳಬೇಡಿ, ನನಗೂ ಗೊತ್ತಿಲ್ಲ. ಅಲ್ಲೊಂದು ಹೊಳೆ. ಹೊಳೆ ದಂಡೆಗೆ ಒಂದು ಊರು. ಆ ಊರಲ್ಲಿ ಕಾಳಾಚಾರಿ ಅಂತ ವೀಣೆ ಮಾಡುವ ಮುದುಕ. ಹಳೇ ವೀಣೆ ಯಾರೇ ಮಾರಲಿ, ಯಾರೇ ಕೊಳ್ಳಲಿ, ಮೊದಲು ಅವನ ಮುಂದೆ ತಂದಿಡಬೇಕು. ಅವನು ವೀಣೆಯ ಉದ್ದನೆ ದಂಡಿ ಸವರಿ, ಬುಡದ ದುಂಡನೆ ಕೊಡ ತಟ್ಟಿ, ತಂತಿ ಮೀಟಿ ‘ಸರಿ’ ಅಂದರೆ ಸರಿ. ‘ಬೇಡ’ ಅಂದರೆ ಬೇಡ. ಎದುರು ಮಾತಿಲ್ಲ.

ಒಂದು ದಿನ ಅವನ ಜಗಲಿಗೆ ಸಾತಕ್ಕ ಒಂದು ವೀಣೆ ತಂದಳು. ಅವಳ ಗಂಡ ನುಡಿಸುತ್ತಿದ್ದದ್ದು. ಅವನು ತೀರಿಹೋಗಿದ್ದ. ಮಗಳೂ ಬಾಣಂತನದಲ್ಲಿ ಹೋದಳು. ಉಳಿದದ್ದು ಮೂರು ತಿಂಗಳ ಮೊಮ್ಮಗು. ಅದಕ್ಕೆ ಹಾಲಿಲ್ಲ.

ಕೊಳ್ಳಲು ಬಂದವನು ದೋಣಿ ನಡೆಸುವ ಬೆಟ್ಟಯ್ಯ. ಜೊತೆಗೆ ಮಗಳು ಮುದ್ದವ್ವ. ವೀಣೆ ತಂದರೆ ಕಲಿಸ್ತೀನಿ ಅಂತ ಆಚೆ ದಡದ ಗುರುಗಳು ಅವಳಿಗೆ ಹೇಳಿದ್ದರು.

“ಆಚಾರ್ರೇ, ಈ ವೀಣೆಗೆ ನಮ್ಮ ಹಾಲು ಕೊಡೋ ಹಸು ಕೊಡ್ತೀನಿ. ಹೊಸದಾಗಿ ಕಲಿಯೋಳಿಗೆ ಇದು ಆಗುತ್ತಾ? ನೋಡಿ ಹೇಳಿ,” ಅಂದ ಬೆಟ್ಟಯ್ಯ.

ಕಾಳಾಚಾರಿ ಮುಟ್ಟಿದ. ಮುಟ್ಟಿದ ಕೂಡಲೇ ಗೊತ್ತಾಯಿತು. ದಂಡಿ ಕೊಡಕ್ಕೆ ಸೇರುವ ಕಡೆ ಸೀಳು. ಹಿಂದೆ ತಾನೇ ಅರಗು ತುಂಬಿ ಮುಚ್ಚಿದ್ದ. ತಂತಿ ಬಿಗಿದರೆ ದಂಡಿ ಬಾಗುತ್ತೆ, ಸ್ವರ ಜಾರುತ್ತೆ. ಸಾತಕ್ಕನ ಗಂಡನದು ಪಳಗಿದ ಕೈ, ತಂತಿ ಎಳೆದು ಸರಿಮಾಡಿಕೊಳ್ಳುತ್ತಿದ್ದ. ಹೊಸಬಳಿಗೆ ಆದೀತೇ? ನೀವೇ ಹೇಳಿ, ಜಾರಿದ್ದು ತಂತಿಯೋ ತನ್ನ ಬೆರಳೋ ಅಂತ ಅವಳಿಗೆ ಹೇಗೆ ತಿಳಿಯಬೇಕು?

‘ಬೇಡ’ ಅನ್ನಲು ಬಾಯಿ ತೆರೆದ. ಸಾತಕ್ಕನ ಮಡಿಲಲ್ಲಿ ಮಗು ಅತ್ತಿತು. ಜೋರಾಗಿ ಅಳುವುದಕ್ಕೂ ಅದಕ್ಕೆ ತ್ರಾಣವಿರಲಿಲ್ಲ.

“ಸರಿಯಾಗಿದೆ, ತಗೋ,” ಅಂದುಬಿಟ್ಟ.

ಹಸು ಸಾತಕ್ಕನ ಮನೆಗೆ ಹೋಯಿತು, ವೀಣೆ ಬೆಟ್ಟಯ್ಯನ ಮನೆಗೆ ಬಂತು.

ತಿಂಗಳಾಯಿತು. ಮುದ್ದವ್ವ ಬಂದಳು. “ತಾತ, ಸ್ವರ ನಿಲ್ಲಲ್ಲ. ದೋಷ ವೀಣೇದಾ, ನಂದಾ?”

“ಹೊಸ ಕೈ ಕಣವ್ವ. ಸಾಧನೆ ಮಾಡು.”

ಇನ್ನೊಂದು ತಿಂಗಳು. ಮತ್ತೆ ಬಂದಳು, ಬೆರಳ ತುದಿ ಒಡೆದು ರಕ್ತ ಕಟ್ಟಿತ್ತು. “ದೋಷ ವೀಣೇದಾ, ನಂದಾ?”

ಅವನು ತಂತಿ ಬಿಗಿಯುವ ಬಿರಡೆ ತಿರುವಿದ, ತಂತಿ ಬದಲಿಸಿದ. “ಈಗ ನೋಡು,” ಅಂದ. ಅವಳ ಮುಖ ನೋಡಲಿಲ್ಲ.

ಮೂರನೇ ಸಲ ವೀಣೆಯನ್ನೇ ತರದೆ ಬಂದಳು. “ಕಾಳಾಚಾರಿ ನೋಡಿದ ವೀಣೆ ಅಂದಮೇಲೆ ದೋಷ ನಿಂದೇ, ಎದ್ದು ಹೋಗು ಅಂದ್ರು ಗುರುಗಳು. ನಿಜವಾ ತಾತ?”

ಕೇಳಿ, ಆಗಲಾದರೂ ಹೇಳಬೇಕಿತ್ತಲ್ಲ? ಹೇಳಲಿಲ್ಲ. ಹೇಳಿದರೆ ಬೆಟ್ಟಯ್ಯ ಹಸು ಬಿಡಿಸಿಕೊಂಡು ಬರುತ್ತಾನೆ. ಮುದುಕ ಉಳಿ ಮಸೆಯುತ್ತಾ ಕೂತ. ಮುದ್ದವ್ವ ಜಗಲಿ ಇಳಿದು ಹೋದಳು. ಮತ್ತೆ ಬರಲಿಲ್ಲ.

ಮಗು ಬದುಕಿತು. ಅಂಬೆಗಾಲಿಟ್ಟಿತು, ಕೆನ್ನೆ ತುಂಬಿಕೊಂಡಿತು. ಅದನ್ನು ಕಂಡಾಗೆಲ್ಲ ಕಾಳಾಚಾರಿಗೆ ಅನ್ನ ಇಳಿಯುತ್ತಿತ್ತು. ದೋಣಿಯಲ್ಲಿ ಸುಮ್ಮನೆ ಕೂತ ಮುದ್ದವ್ವನನ್ನು ಕಂಡ ದಿನ ಉಣ್ಣದೆ ಎದ್ದುಬಿಡುತ್ತಿದ್ದ. ಮಾಡಿದ್ದು ತಪ್ಪು ಅನ್ನಲಾರ, ಸರಿ ಅನ್ನಲಾರ. ಹೀಗೆ ಬದುಕುವುದು ಹೇಗೆ ಹೇಳಿ.

ಮಗು ಅನ್ನ ತಿನ್ನುವಂತಾದ ಮೇಲೆ, ಮನೆಯಲ್ಲಿದ್ದ ಒಳ್ಳೇ ಹಲಸಿನ ದಿಮ್ಮಿ ತೆಗೆದು ಹೊಸ ವೀಣೆ ಮಾಡಿದ. ಮುದಿ ಕೈ, ವರ್ಷ ಹಿಡಿಯಿತು. ಹೊತ್ತುಕೊಂಡು ಬೆಟ್ಟಯ್ಯನ ಮನೆಗೆ ಹೋದ. ಸೀಳಿನ ಕಥೆ ಪೂರಾ ಹೇಳಿದ. ಬೆಟ್ಟಯ್ಯ ಎದ್ದು ಹೊರಗೆ ಹೋದ.

ಮುದ್ದವ್ವ ಹತ್ತಿರ ಬಂದು ಕೂತಳು. ಹೊಸ ವೀಣೆಯ ಒಂದು ತಂತಿ ಮೀಟಿದಳು. ಸ್ವರ ನಿಂತಿತು, ಅಲುಗಲಿಲ್ಲ.

“ಕೇಳಿದ್ಯಾ ತಾಯಿ? ಎಷ್ಟು ಚೆನ್ನಾಗಿದೆ!” ಅಂದ ಮುದುಕ.

“ನಂಗೆ ಗೊತ್ತಾಗಲ್ಲ ತಾತ,” ಅಂದಳು. “ದೋಷ ವೀಣೇದು ಅಂದ ನನ್ನ ಕಿವೀನೇ ಸುಳ್ಳು ಅಂತ ವರ್ಷಗಟ್ಟಲೆ ನಂಬಿಬಿಟ್ಟಿದೀನಿ. ಇನ್ನು ಮೇಲೆ ಯಾವುದನ್ನ ನಂಬಿ ಕಲೀಲಿ?”

ವೀಣೆಯನ್ನು ಮೆಲ್ಲಗೆ ಅವನ ತೊಡೆಗೆ ಒರಗಿಸಿ, ಹೊಳೆಗೆ ನೀರು ತರಲು ಹೋದಳು.

ಆಯಿತು, ಇಷ್ಟೇ ಕಥೆ. ಅವರು ಆ ಸೀಮೆಯಲ್ಲಿ, ನಾವು ಈ ಸೀಮೆಯಲ್ಲಿ. ಏಳಿ, ಮಲಗಿದ ಮಕ್ಕಳನ್ನು ಎತ್ತಿಕೊಳ್ಳಿ, ಹುಷಾರಾಗಿ ಮನೆ ಸೇರಿ.